ಗೋತ್ರ ಕೇಳಿದ ಫೋನು

ನನ್ನ ಬ್ಯಾಂಕಿನ ದುಡ್ಡನ್ನು ಯಾವ ಕಳ್ಳನೂ ಹೊಡೆದಿಲ್ಲ. ನಾನೇ ಕೊಟ್ಟೆ. ಅದೂ ಕೈಕಾಲು ತೊಳೆದು, ದೇವರ ಮನೆಯ ಮುಂದೆ ಮಣೆ ಹಾಕಿಕೊಂಡು ಕೂತು, ಗೋತ್ರ ನಕ್ಷತ್ರ ಎಲ್ಲ ಹೇಳಿ ಕೊಟ್ಟೆ. ಮಗ ರಮೇಶ ಇದಕ್ಕೆ ಮೋಸ, ವಂಚನೆ, ಸೈಬರ್ ಅಂತ ಏನೇನೋ ಹೆಸರಿಟ್ಟ. ಓದಿದವರ ಚಟವೇ ಅದು. ಅಮ್ಮ ಪೆದ್ದಿ ಅನ್ನಲು ನಾಚಿಕೆಯಾಗಿ ಕಾಲ ಕೆಟ್ಟಿದೆ ಅನ್ನುತ್ತಾರೆ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನಮ್ಮ ಮನೆ ಬನಶಂಕರಿಯಲ್ಲಿದೆ. ಯಜಮಾನರು ಕಾರ್ಖಾನೆಯಲ್ಲಿದ್ದರು; ಅವರು ಹೋದ ಮೇಲೆ ಪೆನ್ಷನ್ ನನ್ನ ಹೆಸರಿಗೆ ಬರುತ್ತದೆ. ದೊಡ್ಡ ಗಂಟೇನಲ್ಲ. ಆದರೂ ಮನೆಗೆ ಬರುವ ಗ್ಯಾಸ್ ಸಿಲಿಂಡರಿನ ದುಡ್ಡು ನನ್ನದೇ. ಇದನ್ನು ಧಾರಾಳತನ ಅಂದುಕೊಳ್ಳಬೇಡಿ. ಒಲೆ ಉರಿಯುವುದು ಯಾರ ದುಡ್ಡಿನಲ್ಲೋ ಅವರಿಗೆ ಸಾರಿನಲ್ಲಿ ಉಪ್ಪು ಜಾಸ್ತಿ ಅನ್ನುವ ಹಕ್ಕು ಇರುತ್ತದೆ. ಪುಕ್ಕಟೆ ಉಣ್ಣುವ ಮುದುಕಿ ಉಪ್ಪಿನ ಮಾತೆತ್ತಿದರೆ ಅದು ಜಗಳ. ಸಿಲಿಂಡರ್ ತರಿಸಿದವಳು ಎತ್ತಿದರೆ ಅಭಿಪ್ರಾಯ. ಮೊನ್ನೆ ಶನಿವಾರ ಸಿಲಿಂಡರಿನವನು ಬಂದ. ನಾನು ಎಂದಿನ ಹಾಗೆ ಗತ್ತಿನಿಂದ ಫೋನು ಹಿಡಿದು ಒತ್ತಿದೆ. ಖಾತೆಯಲ್ಲಿ ಅಷ್ಟು ದುಡ್ಡಿಲ್ಲ ಅಂತ ಬಂತು. ಸೊಸೆ ಸುಮಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ತನ್ನ ಫೋನಿನಿಂದ ಕೊಟ್ಟಳು. ಮಧ್ಯಾಹ್ನ ಸಾರಿನಲ್ಲಿ ಉಪ್ಪು ಜಾಸ್ತಿಯಿತ್ತು. ತಲೆ ತಗ್ಗಿಸಿಕೊಂಡು ಉಂಡೆ.

ಊಟವಾದ ಮೇಲೆ ಸುಮಾ ನನ್ನ ಫೋನು ತೆಗೆದುಕೊಂಡು ಮೆಸೇಜುಗಳನ್ನೆಲ್ಲ ನೋಡಿದಳು. "ಅತ್ತೆ, ಇದು ನಿಮ್ಮ ಅರ್ಚನೆ ಆಪ್. ತಿಂಗಳು ತಿಂಗಳು ತಾನಾಗೇ ಎಳ್ಕೊಳ್ತಿದೆ" ಅಂದಳು.

ಈ ಆಪಿನ ಕತೆ ಇಷ್ಟು. ಬೇಸಿಗೆಯಲ್ಲಿ ನನ್ನ ಮಂಡಿ ಹಿಡಿದುಕೊಂಡು, ರಸ್ತೆ ಕೊನೆಯ ಗಣೇಶನ ಗುಡಿಗೆ ಹೋಗುವುದೂ ನಿಂತುಹೋಗಿತ್ತು. ಆಗ ಫೋನಿನಲ್ಲಿ ಒಂದು ಜಾಹೀರಾತು ಬಂತು. ಮನೆಯಲ್ಲೇ ಕೂತಿರಿ, ನಿಮ್ಮ ಹೆಸರಿನಲ್ಲಿ ನಾವು ಅರ್ಚನೆ ಮಾಡಿಸುತ್ತೇವೆ, ಮೊದಲ ತಿಂಗಳು ಉಚಿತ ಅಂತ. ನಾನೇನು ಸುಲಭವಾಗಿ ಮೋಸಹೋಗುವವಳಲ್ಲ. ಬ್ಯಾಂಕಿನಿಂದ ಅಂತ ಫೋನು ಮಾಡಿ ನಂಬರು ಕೇಳಿದ ಎಷ್ಟೋ ಜನರ ಜನ್ಮ ಜಾಲಾಡಿ ಇಟ್ಟಿದ್ದೇನೆ. ಆದರೆ ಇದು ಮೊದಲು ಕೇಳಿದ್ದೇ ಗೋತ್ರ. ಕಳ್ಳನಾದವನು ಗೋತ್ರ ಕೇಳುತ್ತಾನೆಯೇ? ಆಮೇಲೆ ನಕ್ಷತ್ರ, ರಾಶಿ. ಅಷ್ಟು ಹೊತ್ತಿಗೆ ನನಗೆ ಅದು ನೆಂಟರ ಮನೆಯ ಹಾಗೆ ಆಗಿಹೋಗಿತ್ತು. ಕೊನೆಗೆ ಗುಟ್ಟಿನ ನಂಬರು ಒತ್ತಿ ಅಂದಾಗ ಒತ್ತಿದೆ. ಸಂಕಲ್ಪ ಅಂದ ಮೇಲೆ ಒಬ್ಬರ ಹೆಸರು ಹೇಳಿ ಸುಮ್ಮನಾಗುವುದುಂಟೆ? ಮಗ, ಸೊಸೆ, ಪಿಯುಸಿ ಓದುವ ಮೊಮ್ಮಗಳು, ಗೊಟ್ಟಿಗೆರೆಯಲ್ಲಿರುವ ಮಗಳು, ಅಳಿಯ, ಎಲ್ಲರನ್ನೂ ಸೇರಿಸಿದೆ. ಮಹಡಿ ಮೇಲೆ ಬಾಡಿಗೆಗಿರುವ ಗದಗಿನವರ ಮಗುವಿಗೆ ಜ್ವರ ಅಂತ ಅದನ್ನೂ ಸೇರಿಸಿದೆ. ಗುಡಿಯಲ್ಲಾದರೆ ಒಂದು ಚೀಟಿಗೆ ಇಡೀ ವಂಶ ಹಿಡಿಸುತ್ತದೆ. ಇಲ್ಲಿ ತಲೆಗೊಂದು ಚೀಟಿಯಂತೆ, ತಿಂಗಳು ತಿಂಗಳೂ.

ರಮೇಶ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದ: "ಅಮ್ಮ, ಇನ್ಮೇಲೆ ನಿನ್ನ ಪೆನ್ಷನ್ ನಾನೇ ನೋಡ್ಕೋತೀನಿ. ಕಾರ್ಡ್ ಕೊಟ್ಬಿಡು."

ಮಕ್ಕಳು ಮೆಲ್ಲಗೆ ಮಾತಾಡಿದರೆ ಹುಷಾರಾಗಿರಬೇಕು. "ನಾನೇ ಹಾಕಿದ್ದು, ನಾನೇ ನಿಲ್ಲಿಸ್ತೀನಿ. ಸಂಜೆವರೆಗೆ ಸುಮ್ನಿರೋ" ಅಂದೆ.

"ಸಂಜೆವರೆಗೆ. ಆಮೇಲೆ ಕಾರ್ಡು."

ನಿಲ್ಲಿಸುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಪ್ರತಿ ಹೆಸರಿಗೂ ಒಂದು ಉರಿಯುವ ದೀಪದ ಚಿತ್ರ. ಕೆಳಗೆ ಕುಂಕುಮದ ಬಣ್ಣದಲ್ಲಿ ದೊಡ್ಡದಾಗಿ 'ಬೆಳಗಲಿ'. ಅದರ ಕೆಳಗೆ, ಇರುವೆ ಸಾಲಿನ ಹಾಗೆ, 'ಆರಿಸಿ'. ನಮ್ಮಲ್ಲಿ ದೀಪವನ್ನು ಬಾಯಿಂದ ಊದುವುದಿಲ್ಲ, ಬೆರಳಿಂದ ಹೊಸಕುವುದಿಲ್ಲ. ಹೂವಿನ ತೊಟ್ಟಿನಿಂದ ಬತ್ತಿಯನ್ನು ಎಣ್ಣೆಗೆ ಸರಿಸುತ್ತೇವೆ. ಒಂದು ಸೇವಂತಿಗೆ ತಂದು ಅದರ ತೊಟ್ಟಿನಿಂದ ಫೋನನ್ನು ಕುಟ್ಟಿದೆ. ಏನೂ ಆಗಲಿಲ್ಲ.

"ಅತ್ತೆ, ಬೆರಳಲ್ಲೇ ಒತ್ತಬೇಕು" ಅಂದಳು ಸುಮಾ. ನಗು ತಡೆದುಕೊಂಡಿದ್ದಳು, ಅದು ಗೊತ್ತಾಗುತ್ತಿತ್ತು.

ಮೊದಲು ರಮೇಶನ ದೀಪ ಆರಿಸಿದೆ. ಕಾರ್ಡು ಕೇಳಿದ್ದನಲ್ಲ, ಒಂದೇ ಏಟಿಗೆ ಒತ್ತಿದೆ. ಅಳಿಯನದೂ ಸಲೀಸಾಗಿ ಹೋಯಿತು. ಮೊಮ್ಮಗಳದು ಬಂದಾಗ ಬೆರಳು ನಿಂತಿತು. ಮುಂದಿನ ವಾರ ಅವಳಿಗೆ ಪರೀಕ್ಷೆ. ಅಷ್ಟರಲ್ಲಿ ಆ ಆಪಿನವರದೇ ಫೋನು ಬಂತು. ಒಬ್ಬ ಹುಡುಗಿ, ಜೇನಿನಂಥ ದನಿ.

"ಮೇಡಂ, ಯಾಕೆ ನಿಲ್ಲಿಸ್ತಿದೀರಾ? ನಿಮಗೋಸ್ಕರ ಅರ್ಧ ರೇಟಿಗೆ ಮಾಡಿಕೊಡ್ತೀವಿ."

"ಅರ್ಧ ರೇಟಿಗೆ ದೇವರು ಎಷ್ಟು ಕೇಳಿಸ್ಕೊಳ್ತಾನಮ್ಮ? ಒಂದು ಕಿವೀಲಾ?"

"ಹಾಗಲ್ಲ ಮೇಡಂ, ನಡುವೆ ನಿಲ್ಲಿಸಿದ್ರೆ ಒಳ್ಳೇದಲ್ಲ ಅಂತಾರಲ್ವಾ..."

ಅದೊಂದು ಮಾತು ಹೇಳಬಾರದಿತ್ತು. ನಲವತ್ತು ವರ್ಷ ನನ್ನ ಅತ್ತೆ ಹೀಗೇ ಹೆದರಿಸಿ ನನ್ನಿಂದ ಸೋಮವಾರ, ಶುಕ್ರವಾರ, ಏಕಾದಶಿ ಎಲ್ಲ ಉಪವಾಸ ಮಾಡಿಸಿದ್ದಳು. ಅವಳಿಗಾದರೂ ಮನೆಯಲ್ಲಿ ಅಕ್ಕಿ ಉಳಿಯುತ್ತಿತ್ತು. ಫೋನು ಇಟ್ಟವಳೇ ಉಳಿದ ದೀಪಗಳನ್ನೆಲ್ಲ ಪಟಪಟ ಆರಿಸಿದೆ. ಸುಮಾ ತನ್ನದನ್ನು ತಾನೇ ಒತ್ತಿಕೊಂಡಳು. ಆಪು ಅಳಿಸಿದರೆ ಸಾಲದಂತೆ, ದುಡ್ಡು ಕಳಿಸುವ ಆಪಿನಲ್ಲೂ ಕೊಟ್ಟ ಅಪ್ಪಣೆ ವಾಪಸ್ ತೆಗೆದುಕೊಳ್ಳಬೇಕಂತೆ. ಅದನ್ನೂ ಅವಳೇ ತೋರಿಸಿಕೊಟ್ಟಳು, ನಾನೇ ಒತ್ತಿದೆ. ಸಂಜೆ ರಮೇಶ ಬಂದು ನೋಡಿ, ಕಾರ್ಡಿನ ಮಾತೆತ್ತದೆ ಟಿವಿ ಹಾಕಿಕೊಂಡ. ರಾತ್ರಿ ಊಟದಲ್ಲಿ ಅದೇ ಸಾರು.

"ಉಪ್ಪು ಜಾಸ್ತಿ" ಅಂದೆ.

"ಈ ಸಿಲಿಂಡರ್ ನಂದು ಅತ್ತೆ" ಅಂದಳು ಸುಮಾ. "ಮುಂದಿನದು ಬಂದ್ಮೇಲೆ ಹೇಳಿ."

ನ್ಯಾಯವಾದ ಮಾತು. ಮೊಸರು ಬಡಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಕೋಲು ಹಿಡಿದು, ರಸ್ತೆ ಕೊನೆಯ ಗುಡಿಗೆ ನಡೆದೇ ಹೋದೆ. ಒಂದೇ ಚೀಟಿಗೆ ಎಲ್ಲರ ಹೆಸರನ್ನೂ ಹೇಳಿದೆ, ಮಹಡಿಯ ಮಗುವಿನದೂ. ಚೀಟಿ ಹರಿದುಕೊಟ್ಟವನು ಪೆನ್ನು ಹಿಡಿದು ಕೇಳಿದ: "ಅಮ್ಮ, ಫೋನ್ ನಂಬರ್ ಹೇಳಿ. ವಿಶೇಷ ಪೂಜೆ ಇದ್ದಾಗೆಲ್ಲ ಮೆಸೇಜ್ ಕಳಿಸ್ತೀವಿ." ದೇವರ ಎದುರು ನಿಂತು ಬೇಡ ಅನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ. ರಮೇಶನ ನಂಬರು ಕೊಟ್ಟು ಬಂದೆ.