ಸಾವಿರದ ಒಂಬತ್ತನೆಯ ಲಾಡು

ಎಲ್ಲಕ್ಕೂ ಕಾರಣ ಮಾವ ವೆಂಕಟಗಿರಿಯವರು ಕಟ್ಟಿದ ಕೊನೆಯ ಲಾಡು. ರಾಜಾಜಿನಗರದ ಹೊಸ ಮನೆಯ ಗೃಹಪ್ರವೇಶಕ್ಕೆ ಸಾವಿರದೆಂಟು ಲಾಡು ಹಂಚುವುದು ಅತ್ತೆ ಕಮಲಾಕ್ಷಮ್ಮನವರ ಹರಕೆ. ಎಲ್ಲ ಕಟ್ಟಿ ಮುಗಿದರೂ ಪಾತ್ರೆಯ ತಳದಲ್ಲಿ ಒಂದು ಹಿಡಿ ಬೂಂದಿ ಉಳಿದಿತ್ತು. "ಮೇಲೊಂದಿರಲಿ, ಶುಭ" ಎಂದು ಮಾವ ಅದನ್ನೂ ಉಂಡೆ ಕಟ್ಟಿ, ರಾಶಿಯ ನೆತ್ತಿಯ ಮೇಲಿಟ್ಟು, ಮಲಗಲು ಹೋದರು.

ಅಳಿಯ ಶ್ಯಾಮಸುಂದರ ತುಮಕೂರಿನಲ್ಲಿ ಲೆಕ್ಕದ ಮೇಷ್ಟ್ರು. ಆಷಾಢಕ್ಕೆ ತವರಿಗೆ ಬಂದಿದ್ದ ಹೆಂಡತಿ ಕಲ್ಯಾಣಿಯನ್ನು ಕರೆದೊಯ್ಯಲು ಬಂದಿದ್ದ. ತಿಂಗಳಿಡೀ ತಾನೇ ಬೇಯಿಸಿದ ಅನ್ನ ತಿಂದು ಬತ್ತಿದ ಕೆರೆಯ ಕೊಕ್ಕರೆಯಂತಾಗಿದ್ದ.

"ಲಾಡು ನೀವೇ ಹಂಚಿಬಿಡಿ ಅಳಿಯಂದ್ರೇ," ಎಂದರು ಅತ್ತೆ. "ಎಲ್ಲ ಮನೆಗೂ ಸಮಸಮ ಹೋಗ್ಬೇಕು. ಒಡೆಯೋ ಹಾಗಿಲ್ಲ, ನಾವು ತಿನ್ನೋ ಹಾಗಿಲ್ಲ, ಒಂದೂ ಉಳೀಬಾರ್ದು. ಹರಕೆ ಮುಗಿದ್ಮೇಲೇ ಮಗಳನ್ನ ಕಳಿಸೋದು."

"ಅಷ್ಟೇನಾ ಅತ್ತೆ? ಸಂಜೆ ಬಸ್ಸಿಗೆ ನಾವಿಬ್ರೂ ಹೊರಟ್ವಿ ಅಂತಲೇ ತಿಳ್ಕೊಳ್ಳಿ!"

ಬೀದಿಯಲ್ಲಿ ಇಪ್ಪತ್ತನಾಲ್ಕು ಮನೆ. ಶ್ಯಾಮಸುಂದರ ಎಲೆ ಹಾಸಿ ಗುಡ್ಡೆ ಹಾಕಿದ. ಒಂದು ಲಾಡು ಉಳಿಯಿತು.

ಎದುರುಮನೆಯ ರೇವಣಸಿದ್ದಯ್ಯ ಕಾಂಪೌಂಡಿನ ಮೇಲಿಂದ ಇಣುಕಿದರು. "ಹಿಂದಿನ ಬೀದೀನೂ ಸೇರಿಸ್ಕೊಳ್ಳಿ ಸ್ವಾಮಿ, ಸರಿಹೋಗುತ್ತೆ."

ನಲವತ್ತೆಂಟು ಮನೆಯಾಯಿತು. ಗುಡ್ಡೆಗಳನ್ನೆಲ್ಲ ಕೆಡವಿ ಮತ್ತೆ ಹಾಕಿದ. ಒಂದು ಉಳಿಯಿತು.

"ಹಳೇ ಊರೋರು ನಿಮ್ ಕಣ್ಣಿಗೆ ಬೀಳಾಕಿಲ್ವಾ?" ಎನ್ನುತ್ತಾ ಬಡಾವಣೆಗೆ ಅಂಟಿದ ಹಳೇ ಊರಿನ ಅಕ್ಕಯ್ಯಮ್ಮ ಒಳಗೇ ಬಂದರು. "ನಮ್ದೂ ಎಂಟು ಮನೆ ಐತೆ."

ಐವತ್ತಾರು ಮನೆ. ಆಗಲೂ ಒಂದು ಉಳಿಯಿತು. ಅಜ್ಜಿ ಕತೆಯ ರಾಕ್ಷಸನ ತಲೆ ಕಡಿದಷ್ಟೂ ಮೂಡುವಂತೆ ಆ ಒಂಟಿ ಲಾಡು ಪ್ರತಿ ಸಲವೂ ಎದ್ದು ಬಂದು ಎದುರಿಗೆ ಕೂರುತ್ತಿತ್ತು.

"ಅದನ್ನೂ ನಂಗೇ ಕೊಟ್ಬಿಡಿ," ಎಂದರು ಅಕ್ಕಯ್ಯಮ್ಮ.

"ಯಾಕಮ್ಮಾ, ನಾವೇನು ಪಾಪ ಮಾಡಿದ್ವಿ?" ರೇವಣಸಿದ್ದಯ್ಯ ಕೆಂಪಾದರು.

ಶ್ಯಾಮಸುಂದರ ಸೀಮೆಸುಣ್ಣ ಹಿಡಿದು ಹೊಸ ಗಾರೆ ನೆಲದ ಮೇಲೆಯೇ ಕುಳಿತ. ಹನ್ನೊಂದರಿಂದ ಭಾಗಿಸಿದ, ಹದಿಮೂರರಿಂದ ಭಾಗಿಸಿದ. ನೆಲ ತುಂಬಿತು. ಕೊನೆಗೆ ಎದ್ದು ಕುಣಿದೇಬಿಟ್ಟ.

"ಅತ್ತೆ, ತಪ್ಪು ನಂದಲ್ಲ! ಸಾವಿರದ ಒಂಬತ್ತು ಅವಿಭಾಜ್ಯ ಸಂಖ್ಯೆ! ಒಂದರಿಂದ ಭಾಗ ಹೋಗುತ್ತೆ, ಇಲ್ಲ ಸಾವಿರದ ಒಂಬತ್ತರಿಂದ ಹೋಗುತ್ತೆ. ಬೇರೆ ಯಾವುದರಿಂದ್ಲೂ ಆ ಬ್ರಹ್ಮ ಬಂದ್ರೂ ಹೋಗಲ್ಲ. ಇನ್ನು ಕಲ್ಯಾಣೀನ ಕಳಿಸ್ಕೊಡಿ."

ಕಮಲಾಕ್ಷಮ್ಮನವರ ಮುಖ ಅರಳಿತು. "ಹೋಗುತ್ತೆ ಅಂತ ನೀವೇ ಅಂದ್ರಲ್ಲ! ಸಾವಿರದ ಒಂಬತ್ತು ಮನೆ, ಮನೆಗೊಂದು. ಏಳಿ ಮತ್ತೆ."

"ಅತ್ತೆ, ಈ ಬಡಾವಣೇಲಿ ಅಷ್ಟು ಮನೆ ಇನ್ನೂ ಎದ್ದೇ ಇಲ್ಲ!"

"ಕಾಮಾಕ್ಷಿಪಾಳ್ಯ ಇದೆ. ಸಾಲ್ದಿದ್ರೆ ಮಲ್ಲತ್ತಹಳ್ಳಿ ತನಕ ಹೋಗ್ಬನ್ನಿ."

ಬಾಗಿಲ ಮರೆಯಲ್ಲಿ ಕಲ್ಯಾಣಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಶ್ಯಾಮಸುಂದರ ಬುಟ್ಟಿ ಹೊತ್ತು ಹೊರಟ. ಮೊದಲ ಬಾಗಿಲು ಅಕ್ಕಯ್ಯಮ್ಮನದು. ಒಂದು ಲಾಡು ಮುಂದೆ ಹಿಡಿದ.

ಅಕ್ಕಯ್ಯಮ್ಮ ಕೆಂಡ ಕಂಡವರಂತೆ ಕೈ ಹಿಂದೆಳೆದುಕೊಂಡರು.

"ಅಯ್ಯೋ, ಒಂಟೀದು ಇಸ್ಕಂಡ್ರೆ ಮನೆಗಾಗಾಕಿಲ್ಲ ಸ್ವಾಮಿ! ಈ ಕಡೆ ಯಾರೂ ಇಸ್ಕಣಾಕಿಲ್ಲ. ಎಲ್ಲಾರ್ಗೂ ಜೋಡಿ ಕೊಡಿ."