ಎಣ್ಣೆ ಅಂಕೋಲೆಯಲ್ಲಿ, ಸ್ನಾನ ಕಾರವಾರದಲ್ಲಿ

ಜೀವರಕ್ಷಕನಾಗಲು ನನಗಿಂತ ಯೋಗ್ಯ ಮನುಷ್ಯ ಇಡೀ ಉತ್ತರ ಕನ್ನಡ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ ಎಂದು ಆ ವರ್ಷ ನನಗೆ ಖಚಿತವಾಗಿತ್ತು. ಕಾರಣಗಳನ್ನು ದಿನಚರಿಯಲ್ಲಿ ಕ್ರಮವಾಗಿ ಬರೆದಿಟ್ಟಿದ್ದೆ. ಒಂದು, ನನಗೆ ಈಜು ಬರುತ್ತದೆ. ಎರಡು, ನಾನು ಶಿಸ್ತಿನ ಮನುಷ್ಯ. ಮೂರು, ಬೇರೆ ಕೆಲಸ ಸಿಕ್ಕಿಲ್ಲ.

ಮೂರನೆಯದೇ ಮುಖ್ಯ. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತವನನ್ನು ಅಗಸೂರಿನ ಸೋದರಮಾವ ತಮ್ಮ ಅಕ್ಕಿ ಗಿರಣಿಗೆ ಕರೆಯುತ್ತಿದ್ದರು. ಗಿರಣಿಯ ತೌಡಿನ ಧೂಳನ್ನು ಹೇಗಾದರೂ ಸಹಿಸಬಹುದು. ಆದರೆ ಮಾವ ಗಿರಣಿಯ ಸದ್ದಿಗಿಂತ ಜೋರಾಗಿ ತಮ್ಮ ಹರ್ನಿಯಾ ಆಪರೇಷನ್ನಿನ ಕತೆ ಹೇಳುತ್ತಾರೆ. ದಿನವೂ ಹೇಳುತ್ತಾರೆ. ಗಾಯವನ್ನೂ ತೋರಿಸುತ್ತಾರೆ!

ಅಷ್ಟರಲ್ಲಿ ಕಾರವಾರದ ಈಜುಕೊಳದಲ್ಲಿ ಜೀವರಕ್ಷಕರ ತರಬೇತಿ ಶುರುವಾಗುತ್ತದೆ ಎಂದು ತಿಳಿಯಿತು. ಪರೀಕ್ಷೆ ಪಾಸಾದವರಿಗೆ ಮಕ್ಕಳ ಬೇಸಿಗೆ ಶಿಬಿರದಲ್ಲಿ ಕೆಲಸ. ಎದುರಿಗೆ ಇಡೀ ಅರಬ್ಬೀ ಸಮುದ್ರ ಬಿದ್ದುಕೊಂಡಿರುವಾಗ ನೀಲಿ ಟೈಲ್ಸಿನ ಹೊಂಡದಲ್ಲಿ ಯಾರು ಮುಳುಗುತ್ತಾರೆ ಎಂದು ನೀವು ಕೇಳಬಹುದು. ಉತ್ತರ ಮುಂದೆ ಬರುತ್ತದೆ.

ನನ್ನ ತಾಯಿ, ಅಂದರೆ ಆಯಿ, ಮಧ್ಯಸ್ಥಿಕೆ ವಹಿಸಿ ಒಪ್ಪಂದ ಮಾಡಿಸಿದಳು. "ಪಾಸಾದ್ರೆ ಕೊಳ. ಫೇಲಾದ್ರೆ ಸೋಮವಾರದಿಂದ ಗಿರಣಿ. ಆಮೇಲೆ ಮಾತು ತಿರಗ್ಸೂಕಿಲ್ಲ." ಪರೀಕ್ಷೆ ಇದ್ದದ್ದು ಭಾನುವಾರ.

ನಮಗೆ ಕಲಿಸಿದವರು ಸಾವಂತ ಸರ್. ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ಕೊರಳಲ್ಲಿ ಸೀಟಿ, ತಲೆಯ ಮೇಲೆ ಬಿಳಿ ಟೋಪಿ; ಇವೆರಡನ್ನು ಬಿಟ್ಟು ಅವರನ್ನು ನೋಡಿದವರಿಲ್ಲ. ಅವರ ಮೊದಲ ಪಾಠ ಇಷ್ಟೇ: "ಯಾರಾದ್ರೂ ಮುಳುಗ್ತಿದ್ರೆ ಹೀರೋ ಹಾಗೆ ಹಾರಬಾರ್ದು ರೇ! ಮೊದಲು ಕೂಗು. ಆಮೇಲೆ ಕೋಲು ಚಾಚು. ಅದೂ ಆಗದಿದ್ರೆ ಟ್ಯೂಬ್ ಎಸೆ. ಯಾವುದೂ ಇಲ್ಲ ಅಂದ್ರೆ ಮಾತ್ರ ಹಾರು." ಕೊಳದ ಬಾಗಿಲಲ್ಲೇ ಒಂದು ಹಲಗೆಯೂ ಇತ್ತು: ಸ್ನಾನ ಮಾಡಿದ ನಂತರವೇ ನೀರಿಗೆ ಇಳಿಯತಕ್ಕದ್ದು. ನಾನು ಅದನ್ನು ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೆ. ಬರೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಕೊರಿಯರ್‌ನವನಂತೆ ಚೀಲ ಹಿಡಿದು ಹೊರಟವನನ್ನು ಆಯಿ ತಡೆದಳು. ಪಂಚಾಂಗದ ಪ್ರಕಾರ ಅದು ನನ್ನ ಹುಟ್ಟಿದ ದಿನವಂತೆ!

"ಹುಟ್ಟಿದ ದಿನ ಎಣ್ಣೆ ಹಚ್ಕಳ್ದೇ ಹೊಸ್ತಿಲ ದಾಟೂಕೆ ಬಿಡೂದಿಲ್ಲ. ನಿನ್ನ ಸಾವಂತ ಸರ್ ಬಂದ್ರೂ ಅಷ್ಟೇ, ಪರೀಕ್ಷೆ ಮಾಡವರು ಬಂದ್ರೂ ಅಷ್ಟೇ."

"ಆಯೀ, ಬಸ್ಸು ತಪ್ಪಿದ್ರೆ ಪರೀಕ್ಷೆನೇ ತಪ್ತದೆ!"

"ಹಾಗಾರೆ ಬಾಯಿ ಮುಚ್ಕಂಡು ಮಣೆ ಮೇಲೆ ಕೂಡ್ರು."

ಕೂತೆ. ಆಯಿ ಗಾಣದ ತೆಂಗಿನೆಣ್ಣೆಯನ್ನು ಬೆಚ್ಚಗೆ ಮಾಡಿ ತಂದು ನೆತ್ತಿಗೆ ತಟ್ಟಿದಳು. ಕಿವಿಗೆ ಬಿಟ್ಟಳು. ಬೆನ್ನು, ತೋಳು, ಮೊಣಕಾಲು, ಹಿಮ್ಮಡಿ ಎಲ್ಲಕ್ಕೂ ಸವರಿದಳು. ಹೆಂಡತಿ ಮಕ್ಕಳಿಲ್ಲದ ಈ ದೇಹದ ಮೇಲೆ ಇಷ್ಟು ಎಣ್ಣೆ ಎಂದೂ ಸುರಿದಿರಲಿಲ್ಲ. ಕನ್ನಡಿ ನೋಡಿಕೊಂಡೆ. ಈಗಷ್ಟೇ ಪಾಲಿಶ್ ಮಾಡಿದ ಬೀಟೆ ಮರದ ಕುರ್ಚಿಯಂತೆ ಇದ್ದೆ.

ಬಚ್ಚಲಿಗೆ ಹೋದರೆ ಹಂಡೆಯ ನೀರು ಇನ್ನೂ ತಣ್ಣಗಿತ್ತು. ಒಲೆ ಹೊತ್ತಿಸಲು ಆಯಿ ಮರೆತಿದ್ದಳು. ಬಸ್ಸಿನ ಹೊತ್ತಾಗಿತ್ತು. ಆಗಲೇ ನನ್ನ ಶಿಸ್ತಿನ ಮೆದುಳು ಈ ಕತೆಯ ಮುಖ್ಯ ಲೆಕ್ಕವನ್ನು ಮಾಡಿತು. ಎಣ್ಣೆ ಹಚ್ಚಿಕೊಂಡವನು ನೀರಿಗೆ ಇಳಿಯಬೇಕು. ನಾನು ಹೇಗೂ ನೀರಿಗೆ ಇಳಿಯಲೆಂದೇ ಹೊರಟಿದ್ದೇನೆ. ಒಂದೇ ಕೆಲಸವನ್ನು ಎರಡು ಸಲ ಮಾಡುವುದು ಸಮಯದ ಅಪವ್ಯಯ!

"ಸ್ನಾನ ಕಾರವಾರದಲ್ಲಿ!" ಎಂದು ಘೋಷಿಸಿ ಅಂಗಿ ಹಾಕಿಕೊಂಡೆ.

ಆಯಿ ಒಂದು ಕ್ಷಣ ಯೋಚಿಸಿದಳು. "ಅದೂ ಹೌದನ್ನು. ಅಲ್ಲಿ ನೀರು ಬೇಕಾದಷ್ಟು ಅದೆ."

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆಯಿ ಈ ಮಾತನ್ನು ಆಡಿಯೇ ಇಲ್ಲ ಎಂದಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಅದರ ಮೇಲೆ ಉಳಿಯುವುದು ಕಷ್ಟವಾಯಿತು. ರೆಕ್ಸಿನ್ ಸೀಟು, ಎಣ್ಣೆಯಲ್ಲಿ ನೆಂದ ಅಂಗಿ, ತಿರುವುಗಳ ದಾರಿ. ಎಡಕ್ಕೆ ತಿರುಗಿದರೆ ಕಿಟಕಿಗೆ ಬಡಿಯುತ್ತಿದ್ದೆ. ಬಲಕ್ಕೆ ತಿರುಗಿದರೆ ಪಕ್ಕದಲ್ಲಿದ್ದ ಮೀನು ಬುಟ್ಟಿಯ ಅಜ್ಜಿಯ ಮಡಿಲಿಗೆ ಬರುತ್ತಿದ್ದೆ. ಮೂರನೆಯ ಸಲ ಅಜ್ಜಿ ನನ್ನ ತೋಳು ಮುಟ್ಟಿ ನೋಡಿದಳು.

"ತಮಾ, ಇವತ್ತ ನಿನ್ನ ಮದಿಯಾ?"

"ಅಲ್ಲ ಅಜ್ಜಿ, ಪರೀಕ್ಷೆ."

"ಅಯ್ಯೋ ದೇವ್ರೆ! ಈಗ ಪರೀಕ್ಷೆಗೂ ಎಣ್ಣೆ ಶಾಸ್ತ್ರ ಮಾಡ್ತ್ರಾ?"

ಹಟ್ಟಿಕೇರಿಯಲ್ಲಿ ಗಣಪತಿ ಹತ್ತಿದ. ನನ್ನ ಜೊತೆಯೇ ತರಬೇತಿ ಪಡೆದವನು, ಕಬಡ್ಡಿ ಆಟಗಾರ. ಅವನ ಹಿಡಿತಕ್ಕೆ ಸಿಕ್ಕವರು ಬಿಡಿಸಿಕೊಂಡ ಉದಾಹರಣೆ ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಅವನು ಬಾಗಿಲಲ್ಲೇ ಮೂಗು ಅರಳಿಸಿದ.

"ಏನ್ ಘಮಘಮನಾ ಇದು? ಬಸ್ಸಲ್ಲಿ ಯಾರಾ ಚಕ್ಕುಲಿ ಕರೀತಿದ್ರು?"

ನಾನು ಕಿಟಕಿಯ ಹೊರಗೆ ನೋಡಿದೆ.

ಕೊಳ ತಲುಪುವಷ್ಟರಲ್ಲಿ ಹುಬ್ಬಳ್ಳಿಯ ಪರೀಕ್ಷಕರು ಬಂದಾಗಿತ್ತು. ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಅಂಕಪಟ್ಟಿ. ಶಿಬಿರಕ್ಕೆ ಹೆಸರು ಹಚ್ಚಲು ಬಂದ ಮಕ್ಕಳು, ಅಪ್ಪ ಅಮ್ಮಂದಿರು ಸುತ್ತಲೂ ಕೂತಿದ್ದರು. ಮೊಬೈಲಿನಲ್ಲಿ ಕ್ಯಾಮೆರಾ ಬಂದ ಹೊಸತು. ಒಬ್ಬ ಅಪ್ಪ ಆಗಲೇ ಅದನ್ನು ಎತ್ತಿ ಹಿಡಿದು ನಿಂತಿದ್ದ. ಶವರಿನ ಮುಂದೆ ದೊಡ್ಡ ಸಾಲು. ಸಾವಂತ ಸರ್ ಸೀಟಿ ಊದಿದರು. "ಬೇಗ ಬೇಗ! ದಿನೇಶ, ಸ್ನಾನ ಆಯ್ತನ್ ರೇ?"

ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲ. "ಅರ್ಧ ಆಗಿದೆ ಸರ್!"

ಸರ್ ನಕ್ಕರು. ಆ ದಿನ ಅವರು ನಕ್ಕದ್ದು ಅದೇ ಕೊನೆ.

ಪರೀಕ್ಷೆಯ ಕ್ರಮ ಹೀಗಿತ್ತು: ಜೋಡಿಯಲ್ಲಿ ಒಬ್ಬ ಆಳದ ತುದಿಯಲ್ಲಿ ಮುಳುಗುವವನಂತೆ ನಟಿಸಬೇಕು. ಇನ್ನೊಬ್ಬ ಹಾರಿ, ಹಿಂದಿನಿಂದ ಬಂದು, ಗದ್ದ ಹಿಡಿದು ದಡಕ್ಕೆ ಎಳೆದು ತರಬೇಕು. ನಂತರ ಪಾತ್ರ ಬದಲು. ಮೊದಲ ಸುತ್ತಿನಲ್ಲಿ ಮುಳುಗುವವ ನಾನು, ಕಾಪಾಡುವವ ಗಣಪತಿ.

ನೀರಿಗೆ ಧುಮುಕಿದೆ. ಮೇಲೆ ಬಂದು ನೋಡಿದರೆ ನನ್ನ ಸುತ್ತ ಏಳು ಬಣ್ಣದ ಒಂದು ವೃತ್ತ ನಿಧಾನವಾಗಿ ಅಗಲವಾಗುತ್ತಿತ್ತು. ಬಹಳ ಚಂದವಿತ್ತು. ಮೆಚ್ಚಿಕೊಳ್ಳಲು ಸಮಯವಿರಲಿಲ್ಲ. "ಕಾಪಾಡಿ! ಕಾಪಾಡಿ!" ಎಂದು ನಟಿಸತೊಡಗಿದೆ.

ಗಣಪತಿ ಹಾರಿದ. ಹಿಂದಿನಿಂದ ಬಂದ. ಗದ್ದ ಹಿಡಿದ. ಗದ್ದ ಜಾರಿತು. ನಾನು ಒಳಗೆ ಹೋದೆ.

ಮೇಲೆ ಬಂದಾಗ ಕಂಕುಳಿಗೆ ಕೈ ಹಾಕಿದ. ಕಂಕುಳೂ ಜಾರಿತು. ಮತ್ತೆ ಒಳಗೆ. ಸಿಟ್ಟಿಗೆದ್ದು ಭುಜವನ್ನೇ ಹಿಡಿದು ಜಗ್ಗಿದ. ಅವನ ಕೈ ಭುಜದಿಂದ ಮೊಣಕೈಗೆ, ಮೊಣಕೈಯಿಂದ ಮುಂಗೈಗೆ, ಮುಂಗೈಯಿಂದ ಬೆರಳ ತುದಿಗೆ ಕೈಗವಸು ಕಳಚಿದ ಹಾಗೆ ಸರ್ರನೆ ಬಂತು. ಅವನು ಹಿಂದಕ್ಕೆ ಬಿದ್ದ. ನಾನು ಕೆಳಕ್ಕೆ ಹೋದೆ. ಕಣ್ಣಿಗೆ ಎಣ್ಣೆ, ಮೂಗಿಗೆ ಕ್ಲೋರಿನ್, ಬಾಯಿಗೆ ಎರಡೂ ಸೇರಿದ ಕಷಾಯ! ಈಜು ಎಂಬ ವಿದ್ಯೆ ಜಗತ್ತಿನಲ್ಲಿ ಇದೆ ಎಂಬುದೇ ಮರೆತುಹೋಯಿತು.

"ಸರ್, ನಿಜವಾಗ್ಲೂ ಮುಳುಗ್ತಾ ಇದ್ದೇನೆ!"

ಪರೀಕ್ಷಕರು ತಲೆದೂಗಿದರು. "ಹುಡುಗ ಭಾಳ ಚಲೋ ಆ್ಯಕ್ಟಿಂಗ್ ಮಾಡ್ತಾನ್ರೀ."

"ಆ್ಯಕ್ಟಿಂಗ್ ಅಲ್ಲಾ!"

"ನೋಡ್ರೀ, ಡೈಲಾಗೂ ಹೇಳ್ತಾನ!"

ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಮುಳುಗಿದೆ.

ನಿಜಸ್ಥಿತಿಯನ್ನು ಅರಿತವರು ಸಾವಂತ ಸರ್ ಒಬ್ಬರೇ. ಕೂಗು, ಚಾಚು, ಎಸೆ ಎಂದು ವಾರಗಟ್ಟಲೆ ಕಲಿಸಿದ ಆ ಮಹಾನುಭಾವರು ಎಲ್ಲವನ್ನೂ ಬಿಟ್ಟು ಸೀಟಿ, ಟೋಪಿ ಸಮೇತ ನೇರವಾಗಿ ಹಾರಿದರು! ಹಾರಿ ನನ್ನನ್ನು ಎರಡೂ ಕೈಯಿಂದ ಅಪ್ಪಿಕೊಂಡರು. ಸೋಪಿನ ಬಿಲ್ಲೆಯನ್ನು ಗಟ್ಟಿಯಾಗಿ ಹಿಂಡಿದರೆ ಏನಾಗುತ್ತದೆ? ನಾನು ಅವರ ತೋಳುಗಳ ಮೇಲಿಂದ ಪುಳಕ್ಕನೆ ಹಾರಿ ಗಣಪತಿಯ ತಲೆಯ ಮೇಲೆ ಬಿದ್ದೆ. ಈಗ ನೀರಿನಲ್ಲಿ ಮೂವರು. ಮೂವರೂ ಕೂಗುತ್ತಿದ್ದೆವು.

ಕೊನೆಗೆ ನನ್ನನ್ನು ಉಳಿಸಿದ್ದು ಪರೀಕ್ಷಕರು. ಕೊಳದ ಎಲೆ ಕಸ ತೆಗೆಯುವ ಉದ್ದ ಕೋಲಿನ ಬಲೆ ಗೋಡೆಗೆ ಒರಗಿತ್ತು. ಅದನ್ನು ಚಾಚಿ ನನ್ನ ತಲೆಯ ಮೇಲೆ ಕವುಚಿ ಹಾಕಿ ದಡಕ್ಕೆ ಎಳೆದರು. ಪ್ಯಾಂಟಿನ ಇಸ್ತ್ರಿ ಕೂಡ ಕೆಡಲಿಲ್ಲ.

ಒಂದು ಹುಡುಗಿ ಅಮ್ಮನನ್ನು ಕೇಳಿದಳು: "ಅಮ್ಮಾ, ಈ ಅಣ್ಣನ್ನ ಹಿಡಿದ್ರಲ್ಲ, ಇನ್ನು ಮಾರ್ತಾರಾ?"

ಸಾವಂತ ಸರ್ ಮೇಲೆ ಬಂದು ಕೈ ಮೂಸಿ ನೋಡಿಕೊಂಡರು. "ತೆಂಗಿನೆಣ್ಣೆ! ಅರೇ, ಇದು ಈಜುಕೊಳವೋ ಬಾಂಗಡೆ ಕರಿಯೋ ಬಾಣಲೆಯೋ?"

ವಿಷಯ ತಿಳಿಸಿದೆ. ಹುಟ್ಟಿದ ದಿನ ಎಂದದ್ದಕ್ಕೆ ಯಾರೂ ಶುಭ ಹಾರೈಸಲಿಲ್ಲ. ಆದರೂ ಪರೀಕ್ಷಕರು ಧರ್ಮಾತ್ಮರು. ಎಣ್ಣೆ ತೊಳೆದುಕೊಂಡು ಬಂದರೆ ಎರಡನೆಯ ಸುತ್ತಿಗೆ ಅವಕಾಶ ಕೊಡುತ್ತೇನೆ ಎಂದರು. ಗಿರಣಿ ಸ್ವಲ್ಪ ದೂರ ಸರಿಯಿತು!

ತೆಂಗಿನೆಣ್ಣೆ ಬರಿ ನೀರಿಗೆ ಹೋಗುವುದಿಲ್ಲ, ಕಡಲೆಹಿಟ್ಟು ಬೇಕು. ಗಣಪತಿ ಹೊರಗಿನ ಭಜಿ ಗಾಡಿಗೆ ಓಡಿ ಒಂದು ದೊಡ್ಡ ಪೊಟ್ಟಣ ತಂದ. ಶವರಿನ ಕೆಳಗೆ ನಿಂತು ನೆತ್ತಿಯಿಂದ ಹಿಮ್ಮಡಿಯವರೆಗೆ ಒಂದಂಗುಲವೂ ಬಿಡದೆ ಹಚ್ಚಿಕೊಂಡೆ. ಹಚ್ಚಿಕೊಂಡು ನಲ್ಲಿ ತಿರುಗಿಸಿದೆ. ನಲ್ಲಿ ಒಮ್ಮೆ ಕೆಮ್ಮಿತು. ನೀರು ಖಾಲಿ! ನನಗಿಂತ ಮುಂಚೆ ನಿಂತಿದ್ದ ಅಷ್ಟೂ ಜನ ನಿಯಮ ಪಾಲಿಸಿ ಟ್ಯಾಂಕನ್ನು ಬರಿದು ಮಾಡಿದ್ದರು.

ಹಿಟ್ಟು ಒಣಗತೊಡಗಿತು. ಹುಬ್ಬು ಎತ್ತಲು ಆಗಲಿಲ್ಲ.

ಹೊರಗೆ ಸೀಟಿ ಕೇಳಿತು. "ದಿನೇಶ, ಕೊನೆ ಕರೆ!"

ಗಣಪತಿ ಆಗಲೇ ನೀರಿನಲ್ಲಿ ಮುಳುಗಲು ಸಿದ್ಧನಾಗಿದ್ದ. ಅಗಸೂರಿನ ಗಿರಣಿ ಕಣ್ಣ ಮುಂದೆ ಬಂತು. ಮಾವ ಅಂಗಿ ಎತ್ತುತ್ತಿರುವುದು ಕಂಡಿತು. ಇನ್ನು ಯೋಚಿಸಲಿಲ್ಲ. ಹಳದಿ ಗೊಂಬೆಯಂತೆ ಓಡಿ ಬಂದು ಹಾರಿದೆ.

ನನ್ನ ಅವತಾರ ನೋಡಿದ್ದೇ ಗಣಪತಿ ನಟನೆಯನ್ನು ಮರೆತು, ಜೀವ ಉಳಿಸಿಕೊಳ್ಳಲು ತಾನೇ ಈಜಿ ದಡ ಸೇರಿ, ಏಣಿ ಹತ್ತಿ, ಮಹಿಳೆಯರ ಬಟ್ಟೆ ಬದಲಿಸುವ ಕೋಣೆಯ ಕಡೆ ಓಡಿದ. ಅಲ್ಲಿಂದ ಇನ್ನೂ ಜೋರಾಗಿ ಓಡಿ ಬಂದ. ಕೊಳದಲ್ಲಿ ಉಳಿದವನು ನಾನೊಬ್ಬನೇ. ನೀರಿನ ಬಣ್ಣ ನೀಲಿಯಿಂದ ಹೆಸರುಬೇಳೆ ಪಾಯಸಕ್ಕೆ ತಿರುಗುತ್ತಿತ್ತು. ಫಿಲ್ಟರ್ ಯಂತ್ರ ಒಂದು ದೀರ್ಘ ನಿಟ್ಟುಸಿರು ಬಿಟ್ಟು ನಿಂತುಹೋಯಿತು.

ಪರೀಕ್ಷಕರು ಅಂಕಪಟ್ಟಿಯ ಮೇಲೆ ಬರೆದದ್ದನ್ನು ತಲೆಕೆಳಗಾಗಿ ಓದಿದೆ. 'ಕಾಪಾಡಬೇಕಾದ ವ್ಯಕ್ತಿ ಅಭ್ಯರ್ಥಿಯಿಂದ ತಪ್ಪಿಸಿಕೊಂಡಿರುತ್ತಾನೆ.' ಫೇಲು.

ಸಂಜೆ ಮನೆ ತಲುಪುವ ಮುಂಚೆಯೇ ಆ ಮೊಬೈಲಿನ ವಿಡಿಯೋ ಬ್ಲೂಟೂತಿನ ಮೂಲಕ ಅಂಕೋಲೆ ಬಸ್‌ಸ್ಟ್ಯಾಂಡ್ ತಲುಪಿತ್ತು. ಆಯಿ ಮಾವನಿಗೆ ಫೋನು ಮಾಡುತ್ತಿದ್ದಳು. ನಾನು ಟ್ರಂಕು ಕಟ್ಟತೊಡಗಿದೆ.

ಅವಳು ಫೋನಿಟ್ಟದ್ದೇ ಸಾವಂತ ಸರ್ ಅವರದೇ ಫೋನು ಬಂತು. ಕೊಳ ಖಾಲಿ ಮಾಡಿ ಉಜ್ಜಬೇಕು, ಬೆಳಿಗ್ಗೆ ಬ್ರಶ್ಶು ಹಿಡಿದು ಬಾ ಎಂದರು. ಒಪ್ಪಿದೆ. ಆಮೇಲೆ ಹೇಳಿದರು:

"ಕೇಳು ರೇ. ಪರೀಕ್ಷಕರಿಗೆ ನೀನು ಮುಳುಗಿದ್ದು ಬಹಳ ಹಿಡಿಸಿದೆ. ಉಳಿದ ಹುಡುಗರೆಲ್ಲ ಸುಮ್ಮನೆ ಕೈ ಆಡಿಸ್ತಾರೆ, ನೋಡಿದ್ರೆ ಪಿಕ್ನಿಕ್ ಹಾಗೆ. ನಿನ್ನದು ಅಸಲಿ! ಇನ್ನು ಪ್ರತಿ ತಂಡದ ತರಬೇತಿಗೂ ಮುಳುಗೋಕೆ ನೀನೇ ಬೇಕಂತೆ. ಸಂಬಳ ಕೊಡ್ತಾರೆ. ಎಣ್ಣೆ ಮಾತ್ರ ಹಚ್ಕೊಂಡು ಬರಬೇಡ."

ನಾನು ಟ್ರಂಕು ಬಿಚ್ಚಿದೆ.

ಮರುದಿನ ಪಕ್ಕದ ಮನೆ ಸುಮತಿಯಕ್ಕ ಬೇಲಿಯ ಆಚೆಯಿಂದ ಕೇಳುವುದು ಕೇಳಿಸಿತು. "ನಿಮ್ಮ ದಿನೂಗೆ ಕಾರವಾರದಲ್ಲಿ ಕೆಲಸಾ ಆಯ್ತಂತಲೇ? ಜನರನ್ನ ಕಾಪಾಡೂದಾ?"

"ಇಲ್ವೇ," ಎಂದಳು ಆಯಿ, ಬಹಳ ಅಭಿಮಾನದಿಂದ. "ಕಾಪಾಡೂಕೆ ಬೇರೆಯವರು ಇದ್ರು. ಇಂವ ಮುಳುಗವ. ಹೀಗೇ ಚಲೋ ಮುಳುಗ್ತಾ ಇದ್ರೆ ಮುಂದಿನ ವರ್ಷ ಖಾಯಂ ಮಾಡ್ತ್ರಂತೆ."