ನೀಲಿ ನೀರಿನ ಕಾಯಿಲೆ

ಮುನಿಗಂಗಪ್ಪನ ಗಿಲೀಟು ಅಂಗಡಿಗೆ ಕುತ್ತು ಬಂದದ್ದು ಒಂದು ಮೋರಿಯಿಂದ. ಶಿಡ್ಲಘಟ್ಟದ ಪೇಟೆಬೀದಿಯಲ್ಲಿ ಅವನದೊಂದು ಪುಟ್ಟ ಅಂಗಡಿ. ಅಗ್ಗದ ಬಳೆ ಸರಗಳನ್ನು ಮೈಲುತುತ್ತದ ತೊಟ್ಟಿಯಲ್ಲಿ ಅದ್ದಿ, ಲಾರಿಯ ಹಳೇ ಬ್ಯಾಟರಿಯಿಂದ ತಂತಿ ಎಳೆದು ತಾಮ್ರ ಹಿಡಿಸಿ, ಆಮೇಲೆ ಚಿನ್ನದ ಬಣ್ಣ ಕೊಡುವುದು ಕಸುಬು. ಬಳೆ ತೊಳೆದ ನೀಲಿ ನೀರು ಮೋರಿಗೆ ಬೀಳುತ್ತಿತ್ತು. ಮೋರಿ ಹಿಂದಿನ ಹಿಪ್ಪುನೇರಳೆ ತೋಟಕ್ಕೆ ಹರಿಯುತ್ತಿತ್ತು. ತೋಟವೂ ಅಂಗಡಿಯ ಕಟ್ಟಡವೂ ಅಕ್ಕಯ್ಯಮ್ಮನವು, ಮುನಿಗಂಗಪ್ಪ ಬಾಡಿಗೆಗೆ ಇದ್ದವನು.

ಅಂದು ಬೆಳಿಗ್ಗೆ ಅಕ್ಕಯ್ಯಮ್ಮ ಹಳದಿಗಟ್ಟಿದ ಕೊಂಬೆಯೊಂದನ್ನು ಹಿಡಿದು ಬಂದರು.

"ನೋಡಪ್ಪಾ, ಮೋರಿ ಪಕ್ಕದ ಸಾಲು ಹಿಂಗೆ ಒಣಗ್ತಾ ಐತೆ. ಹುಳು ನಾಲ್ಕನೇ ಜ್ವರ ಎದ್ದವೆ, ಹೊತ್ತುಹೊತ್ತಿಗೂ ಸೊಪ್ಪು ಕೇಳ್ತವೆ. ಸಾಯಂಕಾಲ ಬರ್ತೀನಿ. ನೀರು ಇನ್ನೂ ನೀಲಿ ಇದ್ರೆ ಅಂಗಡಿ ಖಾಲಿ ಮಾಡು."

ಕೊನೆಯ ಸಲ ಪೊರೆ ಬಿಟ್ಟ ರೇಷ್ಮೆಹುಳು ಗೂಡು ಕಟ್ಟುವ ತನಕ ತಿನ್ನುವುದೊಂದೇ ಕೆಲಸ ಎಂಬುದು ಮುನಿಗಂಗಪ್ಪನಿಗೂ ಗೊತ್ತು. ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಂಗಡಿ ಹೋದರೆ ಮೇಲೂರಿನಲ್ಲಿ ಮಾವನ ಹೊಲದ ಕಳೆ ಕೀಳುವುದೇ ಗತಿ. ಆ ಮಾವನ ಮಾತು ಕೇಳುವುದಕ್ಕಿಂತ ಮೈಲುತುತ್ತ ಕುಡಿಯುವುದು ವಾಸಿ ಎಂದುಕೊಂಡು ಹಿತ್ತಲಿಗೆ ಹೋಗಿ ತಲೆಮೇಲೆ ಕೈಹೊತ್ತು ಕುಳಿತ.

ಆಗ ಕಣ್ಣಿಗೆ ಬಿದ್ದದ್ದು ಮೂಲೆಯ ಬಕೆಟ್ಟು. ನಿನ್ನೆ ಅದರಲ್ಲಿದ್ದದ್ದು ನೀಲಿ ನೀರು. ಇವತ್ತು ನೀರು ತಿಳಿಯಾಗಿದೆ, ತಳದಲ್ಲಿರುವ ಸಿಪ್ಪೆಗಳು ನೀಲಿಯಾಗಿವೆ!

"ರಾಮಲಕ್ಷ್ಮೀ, ಇದರೊಳಗೆ ಏನೇ ಹಾಕಿದೆ?"

"ಒಣ ಸೀಗಡಿ ಸಿಪ್ಪೆ. ತಿಪ್ಪೆ ತನಕ ಹೋಗೋಕೆ ಬೇಜಾರಾಯ್ತು. ಅದಕ್ಕೂ ಬೈತೀರಾ?" ಎಂದಳು ಹೆಂಡತಿ.

"ಬೈಯೋದಾ? ನಿನ್ನ ಸೋಮಾರಿತನಕ್ಕೆ ಕೈ ಮುಗೀಬೇಕು ಕಣೇ!"

ಅವತ್ತು ಸಂತೆ. ಒಣಮೀನಿನವನು ಕಸವೆಂದು ಗುಡ್ಡೆ ಹಾಕಿದ್ದ ಸೀಗಡಿ ಸಿಪ್ಪೆಯನ್ನೆಲ್ಲ ಮೂಟೆ ಕಟ್ಟಿ ತಲೆಮೇಲೆ ಹೊತ್ತು ತಂದ. ಹಿಂದೆ ಊರಿನ ನಾಯಿಗಳೆಲ್ಲ ದಿಬ್ಬಣದಂತೆ ಬಂದವು. ಪಕ್ಕದ ಕಾಫಿ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದವರು ಎಲೆ ಬಿಟ್ಟು ಎದ್ದರು.

ಹೋಟೆಲಿನ ಆವುಲಪ್ಪ ಮೂಗು ಹಿಡಿದುಕೊಂಡೇ ಓಡಿಬಂದ. "ಏಮಯ್ಯಾ ಇದು? ನನ್ನ ಗಿರಾಕಿಗಳನ್ನ ಓಡಿಸ್ತೀಯಾ?"

"ಔಷಧಿ ಕಣಪ್ಪಾ. ನೀರಿಗೆ."

"ನೀರಿಗೆ ಏನು ಕಾಯಿಲೆ?"

ವಿವರಿಸಿದ್ದೇ ತಪ್ಪಾಯಿತು. ಆವುಲಪ್ಪ ಗಿರಾಕಿಗಳನ್ನು ಮರೆತು ಅಲ್ಲೇ ನಿಂತ. ಬಿಸಿನೀರಲ್ಲಿ ನೆನೆಸು ಎಂದ, ಬೇಡ ಕುಟ್ಟಿ ಹಾಕು ಎಂದ, ತಾನೇ ಒನಕೆ ತಂದು ಕುಟ್ಟಿಸಿದ. ನಾಯಿಯೊಂದು ನುಗ್ಗಿ ಬಳೆ ತೊಳೆದ ನೀರಿನ ತೊಟ್ಟಿಗೆ ಬಾಯಿ ಹಾಕಿ ನೀಲಿ ಮೂತಿ ಹೊತ್ತು ಓಡಿತು. ಮುನಿಗಂಗಪ್ಪ ಸಿಪ್ಪೆ ಸುರಿದ, ಕಲಕಿದ, ಬಸಿದ, ಮತ್ತೆ ಹೊಸ ಸಿಪ್ಪೆ ಸುರಿದ. ಹೊತ್ತು ಇಳಿಯುವಷ್ಟರಲ್ಲಿ ಮೋರಿಗೆ ಬಿದ್ದದ್ದು ಬಾವಿಯ ನೀರಿನಂಥ ನೀರು. ತನ್ನ ಕೈಯಿಂದಲೂ ಒಂದು ಒಳ್ಳೆಯ ಕೆಲಸ ಆಯಿತಲ್ಲ ಎಂದು ಅವನಿಗೆ ಕಣ್ಣು ತುಂಬಿಬಂತು. ನೀಲಿಗಟ್ಟಿದ ಸಿಪ್ಪೆಯನ್ನು ಬೇಲಿಯ ಪಕ್ಕ ರಾಶಿ ಹಾಕಿ, ಮೈಗೆ ಹತ್ತಿದ ನಾತ ತೊಳೆಯಲು ಮನೆಗೆ ಹೋದ.

ಅವನು ಮಿಂದು ಬರುವಾಗ ಅಕ್ಕಯ್ಯಮ್ಮ ಮೋರಿಯ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದರು.

"ಭೇಷ್ ಕಣಪ್ಪಾ! ಅಂಗಡೀಲಿ ನೀನೇ ಇರು."

ಮುನಿಗಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಬೇಲಿಯ ಕಡೆ ನೋಡಿದ. ರಾಶಿ ಇರಲಿಲ್ಲ.

"ಅಮ್ಮಾ, ಇಲ್ಲಿದ್ದ ಸಿಪ್ಪೆ?"

"ಅಯ್ಯೋ, ಮೀನಿನ ನಾತ ಹುಳುಮನೆಗೆ ಹೊಡೆದ್ರೆ ಹುಳು ಉಳೀತವಾ? ಆಳುಗಳ ಕೈಲಿ ಈ ಕಡೆ ಸಾಲುಗಳ ಬುಡಕ್ಕೆಲ್ಲಾ ಹೂಳಿಸಿಬಿಟ್ಟೆ. ನಾತಾನೂ ಹೋಯ್ತು, ಗೊಬ್ಬರಾನೂ ಆಯ್ತು. ಬರೋ ಸಂತೇಗೂ ತರಿಸು. ಮಿಕ್ಕ ಸಾಲಿಗೆ ಬೇಕು."

ಮುನಿಗಂಗಪ್ಪ ಸಾಲುಗಳ ಕಡೆ ತಿರುಗಿದ. ನೀರಿನ ವಿಷ ಎಲ್ಲಿಗೂ ಹೋಗಿರಲಿಲ್ಲ, ಮನೆ ಬದಲಾಯಿಸಿತ್ತು ಅಷ್ಟೆ. ಇಷ್ಟು ದಿನ ಒಂದು ಸಾಲಿಗೆ ಸ್ವಲ್ಪಸ್ವಲ್ಪ ಹೋಗುತ್ತಿದ್ದುದನ್ನು ಇಡೀ ದಿನ ಬೆವರು ಸುರಿಸಿ ಹಿಡಿದು, ತೋಟಕ್ಕೆಲ್ಲ ಹಂಚಲು ತಾನೇ ಅಣಿ ಮಾಡಿಕೊಟ್ಟಿದ್ದ. ಬಾಯಿ ಬಿಟ್ಟರೆ ಅಂಗಡಿ ಹೋಗುತ್ತದೆ, ಮುಚ್ಚಿಕೊಂಡರೆ ತೋಟ ಹೋಗುತ್ತದೆ. ಗೋಡೆಯಾಚೆ ಹುಳುಮನೆಯಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತಿತ್ತು. ಅವಕ್ಕೆ ಇದೊಂದೂ ಗೊತ್ತಿರಲಿಲ್ಲ.

"ಅಮ್ಮಾ... ನೀರಲ್ಲಿದ್ದ ನೀಲಿ ಎಲ್ಲಾ ಆ ಸಿಪ್ಪೇಲೇ ಐತೆ."

ಅಕ್ಕಯ್ಯಮ್ಮ ತೋಟ ನೋಡಿದರು, ಅವನನ್ನು ನೋಡಿದರು. ಬೈಯಲಿಲ್ಲ. ಒಳಗೆ ಹೋಗಿ ಗುದ್ದಲಿ ತಂದು ಕೈಗೆ ಕೊಟ್ಟರು.

"ಮೊದ್ಲು ಅಷ್ಟೂ ಅಗೆದು ತೆಗಿ. ಅಂಗಡಿ ನಾಳೆ ಖಾಲಿ ಮಾಡುವಂತೆ."

ಮುನಿಗಂಗಪ್ಪ ಪಂಚೆ ಎತ್ತಿ ಕಟ್ಟಿದ. ನೀಲಿ ಮೂತಿಯ ನಾಯಿ ಆಗಲೇ ಮೊದಲನೇ ಗಿಡದ ಬುಡ ಕೆರೆಯುತ್ತಿತ್ತು. ಹೋಟೆಲಿನ ಗೋಡೆಯ ಮೇಲಿಂದ ಆವುಲಪ್ಪ ಇಣುಕಿದ.

"ಏನಪ್ಪಾ, ನೀರಿನ ಕಾಯಿಲೆ ವಾಸಿ ಆಯ್ತಂತೆ! ಎಲ್ಲಿಗೆ ಹೋಯ್ತು?"

"ಅದನ್ನೇ ಹುಡುಕ್ತಾ ಇದೀನಿ," ಎಂದು ಮುನಿಗಂಗಪ್ಪ ಗುದ್ದಲಿ ಎತ್ತಿದ.